ಛತ್ರಿ ಫಾದರ್ ಮತ್ತು ನಮ್ಮ ಆಯಿ

ನಮ್ಮ ಹಾಸ್ಟೆಲಿನ ಪಾದ್ರಿಗೆ ಛತ್ರಿ ಫಾದರ್ ಎಂಬ ಹೆಸರನ್ನು ಯಾವ ಬ್ಯಾಚಿನವರು ಇಟ್ಟರೋ, ನಾವು ಶಾಲೆ ಸೇರುವಷ್ಟರಲ್ಲಿ ಅದು ಹಳತಾಗಿತ್ತು. ಬೆಳಗಾವಿ ಮಳೆಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲರ ಕೈಯಲ್ಲೂ ಛತ್ರಿ ಇರುತ್ತಿತ್ತು. ಇವರ ಕೈಯಲ್ಲಿ ಏಪ್ರಿಲ್‌ನಲ್ಲೂ ಇರುತ್ತಿತ್ತು. ಒಂದು ಕಡ್ಡಿ ಮುರಿದು ತಂತಿ ಸುತ್ತಿದ ಛತ್ರಿ. ಬೆಳಿಗ್ಗೆ ನಮ್ಮನ್ನು ತಿವಿದು ಎಬ್ಬಿಸಲು ಅದೇ, ಮೈದಾನದ ಕೆಂಪು ಮಣ್ಣಿನಲ್ಲಿ ಗೆರೆ ಎಳೆದು ಲೆಕ್ಕ ಹೇಳಿಕೊಡಲೂ ಅದೇ. ಶಾಲೆಯ ಸಂಚಿಕೆಗೆ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ನೆನಪು ಬರೆಯೋಣವೆಂದು ಕುಳಿತೆ. ಆ ನಾಟಕಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ನೆನಪಾಗುತ್ತಿರುವುದು ಆ ಛತ್ರಿ.

1986. ನಾನು ಎಂಟನೇ ಇಯತ್ತೆ. ಆ ಫೆಬ್ರುವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಗೋವೆಗೆ ಬಂದು ಹೋಗಿದ್ದರು. ಹಾಸ್ಟೆಲಿನ ಕ್ಯಾಥೊಲಿಕ್ ಹುಡುಗರ ಟ್ರಂಕಿನ ಮುಚ್ಚಳದ ಒಳಗೆ ಕಪಿಲ್ ದೇವ್ ಪಕ್ಕದಲ್ಲೇ ಅವರ ಫೋಟೊ. ದಸರಾ ಸೂಟಿಯಲ್ಲಿ ಬೈಲಹೊಂಗಲದ ಹತ್ತಿರದ ನಮ್ಮ ಊರಲ್ಲಿ ಆಯಿ, ಅಂದರೆ ನಮ್ಮಜ್ಜಿ, ತೀರಿಕೊಂಡಳು. ನಮ್ಮಲ್ಲಿ ಮಾಡುವಂತೆ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಮೈತುಂಬ ವಿಭೂತಿ ಹಚ್ಚಿ ಮಣ್ಣು ಮಾಡಿದರು. ಹಾಸ್ಟೆಲಿಗೆ ಮರಳಿದಾಗ ನವೆಂಬರ್. ಕ್ಯಾಥೊಲಿಕರಿಗೆ ಅದು ಸತ್ತವರ ತಿಂಗಳು. ಖಾನಾಪುರದ ಕಡೆಯ ಒಬ್ಬ ಕೊಂಕಣಿ ಹುಡುಗ, ನನ್ನ ಪಕ್ಕದ ಕಾಟಿನವನು, ಅವರಜ್ಜಿಯ ಸಮಾಧಿಗೆ ಮೇಣದಬತ್ತಿ ಹಚ್ಚಿ ಬಂದಿದ್ದ. ಸತ್ತವರು ಉಳಿದ ಪಾಪ ಕಳೆದುಕೊಳ್ಳುವ ಶುದ್ಧೀಕರಣ ಸ್ಥಳದಿಂದ ಅಜ್ಜಿ ಬೇಗ ಸ್ವರ್ಗಕ್ಕೆ ಹೋಗಲೆಂದು ಪ್ರಾರ್ಥನೆಯಂತೆ. "ನಮ್ಮ ಆಯಿಗೂ ಒಂದು ಹಚ್ಚಬೇಕಿತ್ತೋ" ಅಂದೆ.

"ನಿಮ್ಮ ಆಯಿಗೆ ಜ್ಞಾನಸ್ನಾನ ಆಗಿಲ್ಲಲ್ಲೋ. ಸ್ವರ್ಗಕ್ಕ ಹ್ಯಾಂಗ ಬಿಡ್ತಾರ?"

ಜ್ಞಾನಸ್ನಾನ ಅಂದರೆ ನೀರು ಹಾಕಿ ಕ್ರೈಸ್ತರಾಗಿ ಸೇರಿಸಿಕೊಳ್ಳುವ ದೀಕ್ಷೆ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಟಿಕೆಟ್ ಇಲ್ಲದೆ ಬಸ್ಸಿನಲ್ಲಿ ಕೂರಿಸುವುದಿಲ್ಲ ಅಂದ ಹಾಗೆ ಅಂದ. ಆಯಿ ಕಳಿಸುತ್ತಿದ್ದ ಶೇಂಗಾ ಹೋಳಿಗೆಯನ್ನು ನನಗಿಂತ ಹೆಚ್ಚು ತಿಂದವನು ಅವನೇ ಎಂಬುದು ನನ್ನ ಸಿಟ್ಟು. ಕೈ ಕೈ ಮಿಲಾಯಿಸಿದೆವು. ಅವನ ಅಂಗಿ ಗುಂಡಿ ಹರಿಯಿತು, ನನ್ನ ತುಟಿ ಒಡೆಯಿತು, ಛತ್ರಿಯ ತುದಿ ಇಬ್ಬರ ಬೆನ್ನಿಗೂ ತಾಗಿತು.

ಫಾದರ್ ನಮ್ಮಿಬ್ಬರನ್ನೂ ಮೈದಾನದ ಕಟ್ಟೆಗೆ ಕರೆದೊಯ್ದು ಕೂರಿಸಿದರು. ಮೊದಲು ಅವನಿಗೆ, "ಹೋಳಿಗಿ ತಿಂದಿಯೋ ಇಲ್ಲೋ?"

"ತಿಂದೇನ್ರಿ ಫಾದರ್."

"ಹಸಿವಿಯಾಗಿತ್ತು?"

"ಹೂನ್ರಿ."

ಹಾಗಿದ್ದರೆ ಮತ್ತಾಯನ ಸುವಾರ್ತೆ 25ನೇ ಅಧ್ಯಾಯ ಓದಿಕೊಂಡು ಬಾ ಎಂದು ಓಡಿಸಿದರು. ಅದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಕಡೆಯ ತೀರ್ಪಿನ ದಿನ ಕೇಳುವ ಪ್ರಶ್ನೆಗಳು ಅಲ್ಲಿವೆ: ಹಸಿದಾಗ ಉಣ್ಣಲು ಕೊಟ್ಟೆಯಾ, ಬಾಯಾರಿದಾಗ ಕುಡಿಯಲು ಕೊಟ್ಟೆಯಾ, ಜೈಲಿನಲ್ಲಿದ್ದಾಗ ನೋಡಲು ಬಂದೆಯಾ. ಜ್ಞಾನಸ್ನಾನದ ಸರ್ಟಿಫಿಕೇಟು ಆ ಪಟ್ಟಿಯಲ್ಲಿಲ್ಲ.

ಆದರೆ ಫಾದರ್ ನನಗೆ ಸಕ್ಕರೆ ಮಾತು ಹೇಳಿ ಕಳಿಸಲಿಲ್ಲ. ಎಲ್ಲಾ ಧರ್ಮಾನೂ ಒಂದೇ ಎಂದು ಅವರು ಒಮ್ಮೆಯೂ ಅಂದವರಲ್ಲ. ಗೆಳೆಯನ ಮಾತಿಗೆ ಬೇರು ಇದೆ ಎಂದೇ ಶುರು ಮಾಡಿದರು. ಸಭೆಯ (ಅಂದರೆ ಚರ್ಚಿನ) ಹೊರಗೆ ರಕ್ಷಣೆ (ಸ್ವರ್ಗದ ದಾರಿ) ಇಲ್ಲ ಎಂಬ ಮಾತು ಮೂರನೇ ಶತಮಾನದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಕಾಲದ್ದು. ಒಳಗಿದ್ದು ಒಡೆದು ಹೋಗುತ್ತಿದ್ದವರನ್ನು ಕುರಿತು ಅವನು ಹೇಳಿದ್ದು. ಮುಂದೆ 1442ರಲ್ಲಿ ಫ್ಲಾರೆನ್ಸಿನ ಬಿಷಪ್‌ಗಳ ಮಹಾಸಭೆ ಅದನ್ನು ಇನ್ನೂ ಬಿಗಿಯಾಗಿ ಬರೆಯಿತು. ಬೈಲಹೊಂಗಲ ಇರಲಿ, ಅಮೆರಿಕಾ ಖಂಡ ಇದೆ ಎಂಬುದೇ ಬರೆದವರಿಗೆ ತಿಳಿದಿರಲಿಲ್ಲ ಎಂದು ಫಾದರ್ ನಕ್ಕರು. 1964ರ ನವೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ವಿಷಯವನ್ನು ಬಿಡಿಸಿ ಹೇಳಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನೂ ಸಭೆಯನ್ನೂ ಅರಿಯದೆ ಇದ್ದು, ಶುದ್ಧ ಮನಸ್ಸಿನಿಂದ ದೇವರನ್ನು ಹುಡುಕುತ್ತ, ಅಂತಃಸಾಕ್ಷಿ ಹೇಳಿದಂತೆ ಕೃಪೆಯ ಬಲದಿಂದ ನಡೆದವರೂ ರಕ್ಷಣೆ ಪಡೆಯಬಹುದು. "ಪಡೀಬಹುದು, ಅಂತ ಐತಿ. ಪಡೀತಾರ ಅಂತ ಬರದಿಲ್ಲ. ನನ್ನ ಬಗ್ಗೇನೂ ಹಂಗ ಬರದಿಲ್ಲ." ಅದೇ ಮಹಾಸಭೆ, ಸಭೆಯೊಳಗೆ ದೇಹ ಮಾತ್ರ ಇಟ್ಟು ಪ್ರೀತಿಯಲ್ಲಿ ಉಳಿಯದವನಿಗೆ ಒಳಗಿದ್ದೂ ರಕ್ಷಣೆ ಇಲ್ಲ ಎಂದಿದೆಯಂತೆ. ಇದನ್ನು ಗೆಳೆಯನಿಗೆ ಮುಟ್ಟಿಸುವ ಕೆಲಸ ನಾನೇ ಖುಷಿಯಿಂದ ಮಾಡಿದೆ. ಹಾಸ್ಟೆಲ್ ಹಿತ್ತಲ ಪೇರಲ ಕದ್ದದ್ದು ಯಾವ ದರ್ಜೆಯ ಪಾಪವೆಂದು ಅವನು ಒಂದು ವಾರ ತಲೆ ಕೆಡಿಸಿಕೊಂಡ. ನರಕಕ್ಕೆ ಒಯ್ಯುವ ಮಾರಕ ಪಾಪಕ್ಕೆ ವಿಷಯ ಗಂಭೀರವಾಗಿರಬೇಕು, ಪೂರಾ ಅರಿವಿರಬೇಕು, ಪೂರಾ ಒಪ್ಪಿಗೆ ಇರಬೇಕು. ಪೇರಲ ಮೊದಲನೆಯದರಲ್ಲೇ ಪಾರಾಯಿತು.

ಫಾದರ್ ಆಮೇಲೂ ಬಹಳ ಸಲ ಚಪ್ಪರಿಸಿ ಹೇಳುತ್ತಿದ್ದ ಕತೆ ಬೋಸ್ಟನ್‌ನ ಲಿಯೊನಾರ್ಡ್ ಫೀನಿ ಎಂಬ ಪಾದ್ರಿಯದು. ಹೊರಗಿನವರು ಯಾರೂ ಸ್ವರ್ಗ ಕಾಣರು ಎಂದು ಆತ ಹಟ ಹಿಡಿದ. ಆ ಅರ್ಥ ಸರಿಯಲ್ಲ ಎಂದು 1949ರಲ್ಲಿ ರೋಮ್ ಪತ್ರ ಬರೆಯಿತು. ಕರೆದರೂ ಆತ ರೋಮಿಗೆ ಹೋಗಲಿಲ್ಲ. 1953ರಲ್ಲಿ ಸಭೆಯಿಂದ ಆತನನ್ನೇ ಹೊರಗೆ ಹಾಕಿದರು. 1972ರಲ್ಲಿ ಮತ್ತೆ ಒಳಗೆ ಸೇರಿಸಿಕೊಂಡರು. "ಹೊರಗಿದ್ದವರಿಗೂ ದಾರಿ ಐತಿ ಅಂತ ಅಂವಗ ಸ್ವತಾ ಗೊತ್ತಾಗಬೇಕಾತು."

ನನ್ನ ತಕರಾರು ಬೇರೆಯೇ ಇತ್ತು. ಯಾರು ಸ್ವರ್ಗಕ್ಕೆ ಹೋದರೂ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಕ್ರಿಸ್ತನ ಮೂಲಕವೇ ಹೋಗುತ್ತಾರೆ ಎಂಬ ಮಾತನ್ನು ಅವರು ಕೊನೆತನಕ ಬಿಡಲಿಲ್ಲ. "ಆಯಿ ಅಂವನ್ನ ಕೇಳೇ ಇಲ್ಲಲ್ರೀ?" ಎಂದೆ. ಛತ್ರಿಯಿಂದ ನಳದ ಕಡೆ ತೋರಿಸಿದರು. "ಈ ನೀರು ರಕ್ಕಸಕೊಪ್ಪದ ಕೆರೀದು. ನೀ ಊರಿಂದ ಬಂದ ದಿವಸ ಆ ಹೆಸರು ಕೇಳಿದ್ದೇನು? ನೀರಡಿಕಿ ಹೋಗಲಿಲ್ಲೇನು?"

ಆಗ ಬಾಯಿ ಮುಚ್ಚಿದೆ. ದೊಡ್ಡವನಾದ ಮೇಲೆ ಒಮ್ಮೆ ಹೋಗಿ, ಆ ಕೆರೆ ನಮ್ಮದೇ ಎಂದು ನಮ್ಮ ಮಠದವರೂ ಹೇಳಬಹುದಲ್ಲ ಫಾದರ್ ಎಂದು ಕೆಣಕಿದೆ. "ಹೇಳಲಿ. ಹೇಳಲಿಲ್ಲಂದ್ರ ಅವರ ನಂಬಿಕಿ ಮ್ಯಾಲೆ ನನಗ ಸಂಶಯ ಬರ್ತದ. ನನ್ನ ಮಾತು ನಾ ಬಿಡಂಗಿಲ್ಲ." ನನಗೆ ಆ ಉತ್ತರ ಈಗಲೂ ಪೂರಾ ಒಪ್ಪಿಗೆಯಿಲ್ಲ. ಆದರೂ ಎಲ್ಲಾ ಒಂದೇ ಎಂದು ಬೆನ್ನು ತಟ್ಟಿ ಕಳಿಸುವವರಿಗಿಂತ ನನ್ನ ಆಯಿಯನ್ನು ಅವರು ಹೆಚ್ಚು ಲಕ್ಷ್ಯಕ್ಕೆ ತೆಗೆದುಕೊಂಡಿದ್ದರು. 2018ರಲ್ಲಿ ರೋಮಿನ ಅಂಚಿನ ಒಂದು ಚರ್ಚಿನಲ್ಲಿ ಒಬ್ಬ ಪುಟ್ಟ ಹುಡುಗ ಅಳುತ್ತ, ದೇವರನ್ನು ನಂಬದ ನಮ್ಮಪ್ಪ ಸ್ವರ್ಗದಲ್ಲಿದ್ದಾನೆಯೇ ಎಂದು ಪೋಪ್ ಫ್ರಾನ್ಸಿಸ್ ಅವರ ಕಿವಿಯಲ್ಲಿ ಕೇಳಿದ ಸುದ್ದಿ ಓದಿದೆ. ಯಾರು ಸ್ವರ್ಗಕ್ಕೆ ಹೋಗಬೇಕೆಂದು ಹೇಳುವವನು ದೇವರು ಎಂದು ಪೋಪ್ ಅಂದರಂತೆ. ಆ ಹುಡುಗನ ಮುಖ ನೋಡಿದಾಗ ನನಗೆ ಒಡೆದ ತುಟಿ ನೆನಪಾಯಿತು.

ಒಂಬತ್ತನೇ ಇಯತ್ತೆಯಲ್ಲಿ, ಮಳೆ ಬಂದು ಆಟ ನಿಂತ ಒಂದು ಮಧ್ಯಾಹ್ನ, ಫಾದರ್ ಇನ್ನೊಂದು ಮಾತು ಹೇಳಿದ್ದರು. ಜೀವ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಹಿಂದೂ, ಮುಸಲ್ಮಾನ, ಯಾರಾದರೂ. ನೀರು ಬೇಕು, ಜ್ಞಾನಸ್ನಾನದ ಮಾತು ಬೇಕು, ಸಭೆ ಮಾಡುವುದನ್ನು ಮಾಡುತ್ತಿದ್ದೇನೆ ಎಂಬ ಮನಸ್ಸು ಬೇಕು. ತನಗೇ ಆಗದವನು ಇನ್ನೊಬ್ಬರಿಗೆ ಹೇಗೆ ಕೊಡುತ್ತಾನೆ ಎಂದು ಯಾರೋ ಕೇಳಿದರು. "ಕೊಡಾಂವ ಕ್ರಿಸ್ತ. ನೀ ಬರೇ ಚರಗಿ."

ನಾನು ಡಾಕ್ಟರಾದೆ. 1999ರ ಜುಲೈ, ಕಾಡಿನ ಸೆರಗಿನ ಒಂದು ಸಣ್ಣ ಆಸ್ಪತ್ರೆ, ರಾತ್ರಿ. ಏಳು ತಿಂಗಳಿಗೇ ಹುಟ್ಟಿದ ಕೂಸು, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಮರ ಬಿದ್ದು ರಸ್ತೆ ಬಂದ್. ತಾಯಿ ಕೊಂಕಣಿಯವಳು. ಬೆಳಗಾವಿಯಿಂದ ಗಾಡಿ ಬರುವುದಿಲ್ಲ ಎಂದು ತಿಳಿದಾಗ ಅವಳು ಕೂಸಿನ ಉಸಿರಿನ ಬಗ್ಗೆ ಕೇಳಲಿಲ್ಲ. "ಫಾದರ್ ಬರೂತನಾ ಇದು ಇರಂಗಿಲ್ರಿ ಡಾಕ್ಟರ್" ಎಂದಳು. ಜ್ಞಾನಸ್ನಾನವಿಲ್ಲದೆ ಸತ್ತ ಕೂಸುಗಳನ್ನು ಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ, ನರಕಕ್ಕಲ್ಲ ಎಂದು ಹೇಳಬಹುದಿತ್ತು. ಆ ಹೊತ್ತಿನಲ್ಲಿ ಯಾರಿಗೆ ಬೇಕು ಅದು. ಸ್ಟೀಲ್ ವಾಟಗದಲ್ಲಿ ಬೆಚ್ಚನೆ ನೀರು ತರಿಸಿ, ತಾಯಿ ಹೇಳಿದ ಹೆಸರಿಟ್ಟು, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದು ಮೂರು ಸಲ ಹನಿಸಿದೆ. ಕೈ ನಡುಗುತ್ತಿತ್ತು. ಕೊರಳಲ್ಲಿ ನನ್ನ ಇಷ್ಟಲಿಂಗದ ಕರಡಿಗೆ ತೂಗುತ್ತಿತ್ತು.

ಕೂಸು ಉಳಿಯಿತು. ತಿಂಗಳ ಮೇಲೆ ಆ ಊರಿನ ಪಾದ್ರಿ ಬಂದರು. ಒಮ್ಮೆ ಆದದ್ದನ್ನು ಮತ್ತೆ ಮಾಡುವಂತಿಲ್ಲ, ತೈಲ ಹಚ್ಚುವುದು, ದೀಪ ಕೊಡುವುದು ಇಷ್ಟೇ ಬಾಕಿ ಎಂದರು. ರಿಜಿಸ್ಟರಿಗೆ ಜ್ಞಾನಸ್ನಾನ ಕೊಟ್ಟವರ ಹೆಸರು ಬೇಕಿತ್ತು. ನನ್ನ ಮನೆತನದ ಹೆಸರು ಬರೆಯಲು ಅವರಿಗೆ ಎರಡು ಸಲ ಹೇಳಬೇಕಾಯಿತು.

ಅದೇ ವಾರ ಛತ್ರಿ ಫಾದರ್ ಇದ್ದಲ್ಲಿಗೆ ಹೋದೆ. ನಿವೃತ್ತರಾಗಿದ್ದರು, ಕಿವಿ ಮಂದವಾಗಿತ್ತು, ಛತ್ರಿ ಕುರ್ಚಿಗೆ ಒರಗಿತ್ತು. ಎಲ್ಲಾ ಕೇಳಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಶಭಾಷ್ ಅನ್ನುತ್ತಾರೆ ಅಂದುಕೊಂಡೆ.

"ನೀರು ಹರೀತೋ ಇಲ್ಲೋ? ಬರೇ ಒದ್ದಿ ಅರಬಿ ಒರಸಿದ್ರ ನಡಿಯಂಗಿಲ್ಲ."

"ಹರೀತ್ರಿ ಫಾದರ್. ನನ್ನ ಅಂಗಿ ತೋಳೂ ತೊಯ್ತು."