ನಗ್ಗರದ ಬೆಟ್ಟದಲ್ಲಿ ರೋರಿಕ್ ಅಪ್ಪ-ಮಗ

ಹಿಮಾಚಲದ ಕುಲ್ಲುವಿನಿಂದ ಮನಾಲಿಗೆ ಹೋಗುವವರು ಹೆಚ್ಚಾಗಿ ಪಟ್ಲಿಕುಹಲ್‌ನಲ್ಲಿ ಚಹಾ ಕುಡಿದು ನೆಟ್ಟಗೆ ಮುಂದೆ ಹೋಗಿಬಿಡುತ್ತಾರೆ. ನಾನು, ಮಗಳು ಅಲ್ಲೇ ಬಲಕ್ಕೆ ತಿರುಗಿದೆವು. ಬಿಯಾಸ್ ನದಿ ದಾಟಿ, ಸೇಬಿನ ತೋಟಗಳ ನಡುವಿನ ಏರುದಾರಿ ಹಿಡಿದು ನಗ್ಗರ ಸೇರಿದೆವು. ಅಲ್ಲಿನ ಹಳೇ ಕೋಟೆ ಚೆಂದ. ಒಂದು ವರಸೆ ಕಲ್ಲು, ಒಂದು ವರಸೆ ಮರ ಇಟ್ಟು ಕಟ್ಟಿದ ಗೋಡೆಗಳು. ಆದರೆ ನನ್ನ ಮನಸ್ಸೆಲ್ಲ ಇನ್ನೂ ಮೇಲಿದ್ದ, ಚಿತ್ರಕಾರ ರೋರಿಕ್ ಅವರ ಮನೆಯ ಮೇಲೆ.

ನಿಕೋಲಸ್ ರೋರಿಕ್ ಹುಟ್ಟಿದ್ದು 1874ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 1913ರಲ್ಲಿ ಪ್ಯಾರಿಸ್‌ನಲ್ಲಿ ಸಂಗೀತ ಸಂಯೋಜಕ ಸ್ಟ್ರಾವಿನ್ಸ್ಕಿಯ 'ದ ರೈಟ್ ಆಫ್ ಸ್ಪ್ರಿಂಗ್' ಬ್ಯಾಲೆ ರಂಗಕ್ಕೆ ಬಂದಾಗ ಪರದೆ, ಉಡುಪು ಎಲ್ಲ ಇವರದೇ ವಿನ್ಯಾಸ. ಅಂಥವರು 1928ರಲ್ಲಿ ಈ ಬೆಟ್ಟಕ್ಕೆ ಬಂದು ನೆಲೆಸಿದರು. ದೊಡ್ಡ ಮಗ ಜಾರ್ಜ್ ಟಿಬೆಟಿನ ಭಾಷೆ, ಗ್ರಂಥಗಳ ವಿದ್ವಾಂಸರಾದರು. ಕುಂಚ ಹಿಡಿದವರು ಕಿರಿಯ ಮಗ ಸ್ವೆತೊಸ್ಲಾವ್. ಅವರು ವಾಸ್ತುಶಿಲ್ಪ ಓದಿ, ಅಮೆರಿಕದಲ್ಲಿದ್ದು, ಆಮೇಲೆ ಇಲ್ಲಿಗೆ ಬಂದು ಸೇರಿಕೊಂಡರು.

ಕೆಳಗಿನ ಕೋಣೆಗಳಲ್ಲಿ ಚಿತ್ರಗಳಿವೆ. ಅಪ್ಪನ ಚಿತ್ರಗಳಲ್ಲಿ ಬೆಟ್ಟವೇ ಎಲ್ಲ. ನೀಲಿಯ ಹಿಂದೆ ನೀಲಿ, ಅದರ ಹಿಂದೆ ತೆಳು ನೇರಳೆ, ತುದಿಯಲ್ಲಿ ಹಿಮ. ಮನುಷ್ಯರಿದ್ದರೂ ಒಂದು ಚುಕ್ಕೆಯಷ್ಟೇ. ಮಗ ಅದೇ ಕಿಟಕಿಯಿಂದ ಅದೇ ಬೆಟ್ಟ ನೋಡಿದವರು. ಇಬ್ಬರೂ ಟೆಂಪೆರಾದಲ್ಲಿ, ಅಂದರೆ ಮೊಟ್ಟೆಯ ಹಳದಿಯಂಥ ಅಂಟಿನಲ್ಲಿ ಕಲಸಿದ ಬಣ್ಣದಲ್ಲಿ, ಕೆಲಸ ಮಾಡಿದವರು. ಆದರೂ ಮಗನ ಚಿತ್ರಗಳಲ್ಲಿ ಮನುಷ್ಯರು ಮುಂದಕ್ಕೆ ಬಂದು ನಿಲ್ಲುತ್ತಾರೆ. ಹಳದಿ, ಕೆಂಪು ಜಾಸ್ತಿ. ಹಳೇ ಪಾರ್ಲಿಮೆಂಟ್ ಕಟ್ಟಡದ ಸೆಂಟ್ರಲ್ ಹಾಲ್‌ಗೆ ನೆಹರೂ ಭಾವಚಿತ್ರ ಬರೆದವರು ಇವರೇ. ಅಪ್ಪನ ಮುಖವನ್ನಂತೂ ಮತ್ತೆ ಮತ್ತೆ ಬರೆದಿದ್ದಾರೆ: ಬಿಳಿ ಗಡ್ಡ, ಉದ್ದನೆಯ ನಿಲುವಂಗಿ, ಎಲ್ಲೋ ದೂರದಲ್ಲಿ ನೆಟ್ಟ ಕಣ್ಣು. ಜೊತೆಗೇ ಬದುಕಿದವರನ್ನು ಇಷ್ಟು ದಿಟ್ಟಿಸಿ ನೋಡುವುದು ಸುಮ್ನೆ ಮಾತಲ್ಲ.

"ಅಪ್ಪನ ನೆರಳು ಬೀಳದ ಹಾಗೆ ಹೇಗೆ ಬರೆದರಮ್ಮ?" ಎಂದಳು ಮಗಳು. ಅವಳೂ ಡಿಸೈನ್ ಓದುತ್ತಿರುವವಳು. ನನಗನ್ನಿಸುವುದು, ಬೆಟ್ಟವನ್ನು ಅಪ್ಪನಿಗೇ ಬಿಟ್ಟುಕೊಟ್ಟು ಇವರು ಜನರ ಕಡೆ ತಿರುಗಿದರು. ಇಬ್ಬರೂ ಉಳಿದಿದ್ದು ಅದರಿಂದಲೇ.

ಮನೆಯಿಂದ ಕೆಳಗಿಳಿದರೆ ದೊಡ್ಡದೊಂದು ಬಂಡೆ. 1947ರ ಡಿಸೆಂಬರ್‌ನಲ್ಲಿ ತೀರಿಕೊಂಡ ನಿಕೋಲಸ್ ಅವರನ್ನು ದಹನ ಮಾಡಿದ್ದು ಇಲ್ಲಿ. ಬಂಡೆಯ ಮೇಲೆ ಅವರನ್ನು 'ಮಹರ್ಷಿ' ಎಂದು, ಭಾರತದ ಗೆಳೆಯ ಎಂದು ಕೊರೆದಿದ್ದಾರೆ. ಇಸವಿಯ ಜೊತೆಗೆ ವಿಕ್ರಮ ಸಂವತ್ 2004 ಅಂತಲೂ ಇದೆ. ರಷ್ಯಾದಲ್ಲಿ ಹುಟ್ಟಿದವರ ಸಮಾಧಿಗೆ ನಮ್ಮ ಪಂಚಾಂಗದ ಲೆಕ್ಕ! ಆ ಅಕ್ಷರಗಳನ್ನು ಬೆರಳಲ್ಲಿ ಸವರಿ ನೋಡಿದೆ.

ಮಗನ ಕಥೆ ಮುಗಿದಿದ್ದು ನಮ್ಮೂರಲ್ಲಿ. 1945ರಲ್ಲಿ ದೇವಿಕಾ ರಾಣಿಯವರನ್ನು ಮದುವೆಯಾದರು. ನಟಿ ಎಂದು ನಮಗೆಲ್ಲ ಗೊತ್ತು, ಅವರು ಲಂಡನ್ನಿನಲ್ಲಿ ಬಟ್ಟೆ ವಿನ್ಯಾಸವನ್ನೂ ಕಲಿತವರು. ಮುಂದೆ ಇಬ್ಬರೂ ಬೆಂಗಳೂರಿಗೆ ಬಂದು, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್‌ನಲ್ಲಿ ನೆಲೆಸಿದರು. ಸ್ವೆತೊಸ್ಲಾವ್ 1993ರಲ್ಲಿ ತೀರಿಕೊಂಡರು. ಅವರ ಸಮಾಧಿಯೂ ಅಲ್ಲೇ ಇದೆ.

ನಗ್ಗರಕ್ಕೆ ಹೋಗಲು ಆಗದಿದ್ದರೆ ಕುಮಾರಕೃಪಾ ರಸ್ತೆಗಾದರೂ ಹೋಗಿ. ಚಿತ್ರಕಲಾ ಪರಿಷತ್ತಿನಲ್ಲಿ ಅಪ್ಪ-ಮಗ ಇಬ್ಬರ ಚಿತ್ರಗಳೂ ಇವೆ. ಹೋದಾಗ ಮೊದಲು ಅಪ್ಪನ ನೀಲಿ ನೋಡಿ, ಆಮೇಲೆ ಮಗನ ಕೆಂಪು.