ಒಂದೇ ಜಿಂಕಾ, ಅಕ್ಕಾ?

ಮಾದಾಪುರ, 29 ಸೆಪ್ಟೆಂಬರ್ 2024, ಭಾನುವಾರ

ನಾಲ್ಕು ದಿನದ ಜಡಿಮಳೆ ಬೆಳಿಗ್ಗೆ ಬಿಟ್ಟಿತು. ಬಿಸಿಲು ಕಂಡದ್ದೇ ಅರೇಬಿಕಾ ಕಾಫಿಯ ಪಟ್ಟಿಗೆ ಸ್ಪ್ರೇ ಮಾಡಿಸಲು ಹೊರಟೆವು. ಕೆಳಗಿನ ಇಳಿಜಾರಿನ ಗಿಡಗಳಲ್ಲಿ ಚಿಗುರೆಲೆ ಬೆರಳಗಲವೂ ಇಲ್ಲ. ಗಿಣ್ಣುಗಳ ನಡುವಿನ ಅಂತರ ಕುಗ್ಗಿ ತುದಿಯಲ್ಲಿ ಎಲೆಗಳೆಲ್ಲ ಒತ್ತಾಗಿ ಗೊಂಚಲು ಕಟ್ಟಿವೆ. ಸತುವಿನ, ಅಂದರೆ ಜಿಂಕಿನ ಕೊರತೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. 200 ಲೀಟರಿನ ಡ್ರಮ್ಮಿಗೆ 1 ಕೆಜಿ ಜಿಂಕ್ ಸಲ್ಫೇಟ್ ಹಾಕಿ, ಸುಣ್ಣದ ತಿಳಿ ಬೆರೆಸಿ ಕಲಕುತ್ತಿದ್ದಾಗ ತೋಟದ ಕೆಲಸಗಾರರ ಲೈನ್ ಮನೆಯ ಹುಡುಗಿ ಹತ್ತಿರ ಬಂದು ಚೀಲದ ಮೇಲಿನ ಅಕ್ಷರ ಕೂಡಿಸಿ ಓದಿದಳು.

"ಆಶಾ ಅಕ್ಕ ನನ್ನ ಮಗುವಿಗೆ ಕೊಟ್ಟ ಮಾತ್ರೆಯ ಮೇಲೂ ಇದೇ ಹೆಸರುಂಟು. ಒಂದೇ ಜಿಂಕಾ, ಅಕ್ಕಾ?"

ಅವಳ ಮಗನಿಗೆ ಒಂದೂವರೆ ವರ್ಷ. ಕಳೆದ ವಾರ ಭೇದಿಯಾಗಿ ಸೊರಗಿಹೋಗಿದ್ದ. ಓಆರ್‌ಎಸ್ ಜೊತೆಗೆ ದಿನಕ್ಕೆ 20 ಮಿಲಿಗ್ರಾಮಿನ ಒಂದು ಮಾತ್ರೆ, 14 ದಿನ ಎಂದು ಆಶಾ ಕಾರ್ಯಕರ್ತೆ ಹೇಳಿದ್ದರಂತೆ. ಐದನೆಯ ದಿನಕ್ಕೆ ಭೇದಿ ನಿಂತಿತು, ನಿನ್ನೆಯಿಂದ ಮಾತ್ರೆಯನ್ನೂ ನಿಲ್ಲಿಸಿದ್ದಾಳೆ.

ಧಾತು ಒಂದೇ, ಆದರೆ ತೋಟದ ಚೀಲದ್ದು ಯಾರ ಬಾಯಿಗೂ ಹೋಗಕೂಡದು, ಮಾತ್ರೆಯನ್ನು ಮಾತ್ರ ಬಿಡಬೇಡ ಎಂದೆ. "ಭೇದಿ ನಿಂತಿತಲ್ಲ, ಇನ್ನು ಯಾಕೆ?" ಎಂದಳು. ಡ್ರಮ್ಮಿನ ಪಕ್ಕ ನಿಂತು ಅದಕ್ಕೆ ಸರಿಯಾಗಿ ಉತ್ತರಿಸಲಾಗಲಿಲ್ಲ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು ನಾನು. ಮಧ್ಯಾಹ್ನವೆಲ್ಲ ಆ ಪ್ರಶ್ನೆ ತಲೆಯಲ್ಲೇ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡವರ ದೇಹದಲ್ಲಿ ಇರುವ ಸತುವೆಲ್ಲ ಸೇರಿ 2ರಿಂದ 3 ಗ್ರಾಂ. ನಮ್ಮ ಪ್ರೋಟೀನುಗಳಲ್ಲಿ ಹೆಚ್ಚುಕಡಿಮೆ ಹತ್ತಕ್ಕೊಂದು ಈ ಲೋಹವನ್ನು ಹಿಡಿದುಕೊಂಡೇ ಕೆಲಸ ಮಾಡುತ್ತದೆ. ಕಬ್ಬಿಣಕ್ಕಾದರೆ ಯಕೃತ್ತಿನಲ್ಲಿ ಕಣಜವುಂಟು. ಸತುವಿಗೆ ಅಂಥ ಕಣಜವಿಲ್ಲ. ಭೇದಿಯಲ್ಲಿ ಹರಿದುಹೋದದ್ದನ್ನು ಹೊರಗಿನಿಂದಲೇ ತುಂಬಬೇಕು, ಅದಕ್ಕೆ ದಿನ ಹಿಡಿಯುತ್ತದೆ.

ಕರುಳಿಗೆ ಬಂದ ಮಾತ್ರಕ್ಕೆ ಸತು ದೇಹಕ್ಕೆ ಸೇರುವುದಿಲ್ಲ ಎಂಬುದನ್ನು ನಾವು ಯೋಚಿಸುವುದೇ ಕಡಿಮೆ. ಅದು ವಿದ್ಯುದಾವೇಶ ಹೊತ್ತ ಅಯಾನು. ಜೀವಕೋಶದ ಪೊರೆ ಕೊಬ್ಬಿನದು, ತಾನಾಗಿ ಒಳಗೆ ಬಿಡುವುದಿಲ್ಲ. ದಾಟಿಸಲು ಎರಡು ಮನೆತನದ ಪ್ರೋಟೀನುಗಳಿವೆ. ಕೊಡಗಿನ ಮಾತಿನಲ್ಲಿ ಹೇಳುವುದಾದರೆ ಎರಡು ಒಕ್ಕ. ಜಿಪ್ ಒಕ್ಕದವರು 14 ಮಂದಿ, ಸತುವನ್ನು ಕೋಶರಸದೊಳಕ್ಕೆ ತರುವವರು. ಜಿಂಕ್‌ಟಿ ಒಕ್ಕದವರು 10 ಮಂದಿ, ಕೋಶರಸದಿಂದ ಆಚೆಗೆ, ಇಲ್ಲವೇ ಒಳಗಿನ ಕೋಣೆಗಳಿಗೆ ಸಾಗಿಸುವವರು. ಜಿಪ್ ಎಂಬ ಹೆಸರೇ ಯೀಸ್ಟಿನ ಒಂದು ಪ್ರೋಟೀನು ಮತ್ತು ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಬೇರಿನಲ್ಲಿ ಕಬ್ಬಿಣ ಹೀರುವ ಇನ್ನೊಂದು ಪ್ರೋಟೀನಿನಿಂದ ಬಂದದ್ದು. ಕಾಫಿ ಗಿಡದಲ್ಲೂ ಅದೇ ಒಕ್ಕದವರಿದ್ದಾರೆ. ಒಂದೇ ಜಿಂಕಾ ಎಂಬ ಆ ಹುಡುಗಿಯ ಪ್ರಶ್ನೆ ಅವಳಿಗೇ ಗೊತ್ತಿಲ್ಲದಷ್ಟು ಆಳವಾಗಿತ್ತು.

ಕರುಳಿನ ಒಳಗೋಡೆಯಲ್ಲಿ ಬಾಗಿಲು ಕಾಯುವವನು ಜಿಪ್4. ಸತು ಕಡಿಮೆಯಾದಾಗ ಕೋಶ ಇವನನ್ನು ಮೇಲ್ಮೈಯಲ್ಲಿ ಹೆಚ್ಚಾಗಿ ನಿಲ್ಲಿಸುತ್ತದೆ. ಸಾಕಷ್ಟಾದಾಗ ಒಳಗೆ ಎಳೆದುಕೊಳ್ಳುತ್ತದೆ. ಇವನು ಒಳತಂದದ್ದನ್ನು ಕೋಶದ ಇನ್ನೊಂದು ಬದಿಯಲ್ಲಿ ಜಿಂಕ್‌ಟಿ1 ರಕ್ತದ ಕಡೆಗೆ ದಾಟಿಸುತ್ತಾನೆ, ಅಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನು ಹೊತ್ತೊಯ್ಯುತ್ತದೆ.

ಇವೆರಡು ಬಾಗಿಲುಗಳ ನಡುವೆ ನಡೆಯುವುದೇ ನನಗೆ ಎಲ್ಲಕ್ಕಿಂತ ಸೋಜಿಗ. ಕೋಶದೊಳಗಿನ ಸತುವಿನಲ್ಲಿ ಒಂಟಿಯಾಗಿ ತಿರುಗಾಡುವ ಪಾಲು ಲಕ್ಷಗಟ್ಟಲೆ ಅಯಾನುಗಳಿಗೆ ಒಂದೆರಡು, ಅಷ್ಟೆ. ಸಡಿಲ ಬಿಟ್ಟರೆ ಅದು ಸಿಕ್ಕಸಿಕ್ಕ ಪ್ರೋಟೀನಿನ ಗಂಧಕಕ್ಕೆ ಅಂಟಿಕೊಂಡು, ಬೇರೆ ಲೋಹಗಳ ಜಾಗ ಕಬಳಿಸಿ ಕೆಲಸ ಕೆಡಿಸುತ್ತದೆ. ಮಳೆಗಾಲದಲ್ಲಿ ಹೊಳೆ ದಾಟುವಾಗ ಮಗುವನ್ನು ಕೈಯಿಂದ ಕೈಗೆ ಕೊಡುತ್ತೇವಲ್ಲ, ನೀರಿಗೆ ಇಳಿಸುವುದಿಲ್ಲವಲ್ಲ, ಹಾಗೆ ಇಲ್ಲಿ ಸತು. ಹಿಡಿದುಕೊಳ್ಳುವ ಕೈ ಮೆಟಾಲೋಥಯೋನೀನ್ ಎಂಬ ಪ್ರೋಟೀನು. 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ ಕಂಡ ಈ ಪುಟ್ಟ ಪ್ರೋಟೀನು ಸಿಸ್ಟೀನ್ ಎಂಬ ಗಂಧಕವುಳ್ಳ 20 ಅಮೈನೋ ಆಮ್ಲಗಳಿಂದ 7 ಸತು ಅಯಾನುಗಳನ್ನು ತಬ್ಬಿಕೊಳ್ಳುತ್ತದೆ, ಕೆಲವನ್ನು ಬಿಗಿಯಾಗಿ, ಕೆಲವನ್ನು ಬೇಕಾದವರಿಗೆ ಕೊಡಲು ಬರುವಷ್ಟು ಸಡಿಲವಾಗಿ. ಇಂಥವರಿಗೇ ಎಂದು ಗುರುತಿಟ್ಟು ತಲುಪಿಸುವ ಪ್ರೋಟೀನು ಇದೆಯೇ ಎಂಬುದಕ್ಕೆ ಉತ್ತರ ಬಂದದ್ದು ತೀರ ಈಚೆಗೆ, 2022ರಲ್ಲಿ. ಅದರ ಹೆಸರು ಝಡ್‌ಎನ್‌ಜಿ1. ಜಿಟಿಪಿ ಎಂಬ ಇಂಧನದಂಥ ಅಣುವಿನ ಶಕ್ತಿ ಖರ್ಚು ಮಾಡಿ, ಹೊಸ ಪ್ರೋಟೀನುಗಳ ತುದಿಯ ಮೆಥಿಯೋನೀನ್ ಎಂಬ ಅಮೈನೋ ಆಮ್ಲವನ್ನು ಕತ್ತರಿಸುವ ಕಿಣ್ವವೊಂದರ ಕೈಗೆ ಅದು ಸತುವನ್ನಿಡುತ್ತದೆ. ಸತುವಿನ ಬರಗಾಲದಲ್ಲೂ ಆ ಕಿಣ್ವಕ್ಕೆ ಪಾಲು ತಪ್ಪದಂತೆ ನೋಡಿಕೊಳ್ಳುವುದು ಅದರ ಕೆಲಸ.

ಕೈ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹಸುಗೂಸುಗಳು ತೋರಿಸುತ್ತವೆ. ಜಿಪ್4ರ ಜೀನ್ ಎರಡೂ ಪ್ರತಿಗಳಲ್ಲಿ ಕೆಟ್ಟಿದ್ದರೆ ಸಾಮಾನ್ಯವಾಗಿ ಎದೆಹಾಲು ಬಿಡಿಸಿದ ಮೇಲೆ ಬಾಯಿ, ಕೈಕಾಲು, ಕುಂಡೆಯ ಸುತ್ತ ಹುಣ್ಣು, ಭೇದಿ, ಕೂದಲುದುರುವಿಕೆ. ಬದುಕಿಡೀ ಹೆಚ್ಚು ಸತು ಕೊಟ್ಟರೆ ಮಗು ಚೆನ್ನಾಗಿರುತ್ತದೆ. ಇನ್ನೊಂದು ಬಗೆಯಲ್ಲಿ ದೋಷ ಇರುವುದು ತಾಯಿಯ ಜಿಂಕ್‌ಟಿ2ರಲ್ಲಿ. ಅವಳ ರಕ್ತದಲ್ಲಿ ಸತುವಿಗೆ ಕೊರತೆಯಿಲ್ಲ, ಹಾಲಿಗೆ ಮಾತ್ರ ದಾಟುವುದಿಲ್ಲ. ಅವಳು ಎಷ್ಟು ಮಾತ್ರೆ ನುಂಗಿದರೂ ಹಾಲು ಬದಲಾಗದು, ಮಗುವಿಗೇ ಕೊಡಬೇಕು. ಮಗು ಸೊರಗಿದರೆ "ಹಾಲಲ್ಲಿ ಸತ್ವವಿಲ್ಲ, ಸರಿಯಾಗಿ ಉಣ್ಣುವುದಿಲ್ಲ ಇವಳು" ಎಂದು ತಾಯಿಯನ್ನೇ ಆಡಿಕೊಳ್ಳುವ ಬಾಯಿಗಳನ್ನು ಬಹಳ ಕೇಳಿದ್ದೇನೆ. ಅಂಥವರಿಗೆ ಇದನ್ನು ಕೂರಿಸಿ ಹೇಳಬೇಕು ಅನ್ನಿಸುತ್ತದೆ.

ಸಂಜೆ ಮಂಜು ಇಳಿಯುವ ಮುಂಚೆ ಲೈನ್ ಮನೆಗೆ ಹೋದೆ. ಬಾಗಿಲು, ಕಾವಲು, ಕೈಯಿಂದ ಕೈಗೆ, ಇಷ್ಟನ್ನೇ ಹೇಳಿದೆ. "ಹಾಗಾದರೆ ಭೇದಿ ನಿಂತದ್ದು ಬೇರೆ, ತುಂಬುವುದು ಬೇರೆ," ಎಂದಳು. ಮಾತ್ರೆಯ ಸ್ಟ್ರಿಪ್ಪಿನಲ್ಲಿ 9 ಉಳಿದಿದ್ದವು. ಕುದಿಸಿ ಆರಿಸಿದ ನೀರನ್ನು ಚಮಚಕ್ಕೆ ತೆಗೆದು ಒಂದನ್ನು ಹಾಕಿ ಕರಗಿಸಿದಳು. ಮಗ ಮುಖ ಕಿವುಚಿ ನುಂಗಿ, ನನ್ನ ಕೊಡೆಯ ಹಿಡಿಗೆ ಕೈ ಹಾಕಿದ. ಗೋಡೆಯ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 7ರವರೆಗೆ ಒಂದೊಂದು ಚುಕ್ಕೆ ಇಟ್ಟು ಬಂದೆ.