ಕಾಡುಬೆಕ್ಕಿನ ಎದೆಯೊಳಗೆ

ಹೋದ ವಾರ ಹೈನಿಖ್ ಕಾಡಿನ ಪಕ್ಕದ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತ ಒಂದು ಕಾಡುಬೆಕ್ಕು ನಮ್ಮ ಲ್ಯಾಬಿಗೆ ಬಂತು. ಜರ್ಮನಿಗೆ ಬಂದು ಮೂರು ವರ್ಷವಾಯಿತು, ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ದಪ್ಪ ಬಾಲ, ಅದಕ್ಕೆ ಕಪ್ಪು ಬಳೆ ತೊಡಿಸಿದ ಹಾಗೆ ಪಟ್ಟೆ, ತುದಿ ಮೊಂಡು. ಇನ್ನೂ ಚಿಕ್ಕ ವಯಸ್ಸು, ಪಾಪ.

ಎದೆ ಬಿಚ್ಚಿ ಶ್ವಾಸಕೋಶ ಕೈಗೆ ತೆಗೆದುಕೊಂಡೆ. ಸ್ಪಂಜಿನ ಹಾಗೆ ಮೆತ್ತಗಿರಬೇಕಿತ್ತು. ಬೆರಳಾಡಿಸಿದ ಕಡೆಯೆಲ್ಲ ಗಂಟು. ಕೆಲವು ಸಾಸಿವೆಯಷ್ಟು, ಕೆಲವು ಹೆಸರುಕಾಳಿನಷ್ಟು, ಬೂದು ಬಿಳುಪು. ಹುಳುವೇ ಇರಬೇಕು ಅನ್ನಿಸಿತು.

ಸಂಜೆ ಅದರ ಮಲವನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಉಗುರುಬೆಚ್ಚಗಿನ ನೀರು ತುಂಬಿದ ಆಲಿಕೆಯಲ್ಲಿ ಇಳಿಬಿಟ್ಟೆ. ಇದಕ್ಕೆ ಬೇರ್ಮನ್ ವಿಧಾನ ಅಂತಾರೆ. ಮರಿಹುಳುಗಳು ಬಟ್ಟೆಯಿಂದ ನುಸುಳಿ ಹೊರಗೆ ಬರುತ್ತವೆ, ಆದರೆ ಮೇಲಕ್ಕೆ ಈಜಲಾರದೆ ತಳಕ್ಕೆ ಇಳಿಯುತ್ತವೆ. ಬೆಳಿಗ್ಗೆ ಎರಡು ಹನಿ ಗಾಜಿನ ಮೇಲೆ ಬಿಟ್ಟು ನೋಡಿದರೆ, ಒದ್ದಾಡುತ್ತಿವೆ! ಅರ್ಧ ಮಿಲಿಮೀಟರ್ ಕೂಡ ಇಲ್ಲ. ಬಾಲದ ತುದಿ ಎಸ್ ಅಕ್ಷರದ ಹಾಗೆ ಬಾಗಿ, ಅಲ್ಲೊಂದು ಪುಟ್ಟ ಮುಳ್ಳು. ಬೆಕ್ಕಿನ ಶ್ವಾಸಕೋಶದ ಹುಳು, ಏಲ್ಯುರೋಸ್ಟ್ರಾಂಜೈಲಸ್ ಆಬ್‌ಸ್ಟ್ರೂಸಸ್.

ಇದು ಬೆಕ್ಕಿಗೆ ಊಟದ ಜೊತೆಗೇ ಬರುತ್ತದೆ. ಮಲದಲ್ಲಿರುವ ಮರಿಹುಳು ಬಸವನಹುಳುವಿನೊಳಗೆ ಸೇರಿ ಬೆಳೆಯುತ್ತದೆ. ಆ ಬಸವನಹುಳುವನ್ನು ಇಲಿಯೋ ಹಕ್ಕಿಯೋ ತಿನ್ನುತ್ತದೆ, ಅದನ್ನು ಬೆಕ್ಕು ತಿನ್ನುತ್ತದೆ. ಆಮೇಲೆ ಮರಿ ಶ್ವಾಸಕೋಶಕ್ಕೆ ಹೋಗಿ ದೊಡ್ಡದಾಗಿ, ಅಲ್ಲೇ ಮೊಟ್ಟೆ ಇಡುತ್ತದೆ. ಒಡೆದು ಬಂದ ಮರಿಗಳು ಕೆಮ್ಮಿದಾಗ ಗಂಟಲಿಗೆ ಬಂದು, ಬೆಕ್ಕು ನುಂಗಿ, ಮತ್ತೆ ಮಲದಲ್ಲಿ ಹೊರಗೆ. ಇಲಿ ತಿನ್ನದೆ ಕಾಡುಬೆಕ್ಕು ಹೇಗೆ ಬದುಕಬೇಕು ಹೇಳಿ. ಇದರ ಜೊತೆ ಟ್ರೊಗ್ಲೊಸ್ಟ್ರಾಂಜೈಲಸ್ ಬ್ರೆವಿಯರ್ ಅಂತ ಇನ್ನೊಂದಿದೆ, ದಕ್ಷಿಣ ಇಟಲಿಯ ಕಾಡುಬೆಕ್ಕುಗಳಲ್ಲಿ ಸಿಕ್ಕಿದೆ. ಅದು ದೊಡ್ಡ ಶ್ವಾಸನಾಳದಲ್ಲೇ ಕೂರುತ್ತದೆ. ಮರಿಬೆಕ್ಕಿನ ನಾಳ ಎಷ್ಟು ಸಣ್ಣದು ಅಲ್ವಾ, ಅದಕ್ಕೇ ಅವಕ್ಕೆ ಅಪಾಯ ಜಾಸ್ತಿ.

ಸಾಕಿದ ಬೆಕ್ಕಿಗೂ ಇದೇ ಹುಳು ಬರುತ್ತದೆ. ನಮ್ಮ ಕೆಳಗಿನ ಮನೆಯ ಬೆಕ್ಕು ಹೋದ ಚಳಿಗಾಲವೆಲ್ಲ ಕೆಮ್ಮುತ್ತಿತ್ತು. ಆಸ್ತಮಾ ಅಂತ ಔಷಧಿ ಕೊಡುತ್ತಿದ್ದರು. ಮಾಮೂಲಿ ಮಲ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಬೇರ್ಮನ್ ಮಾಡಿದ ಮೇಲೇ ಹುಳು ಕಂಡಿದ್ದು. ಕತ್ತಿನ ಹಿಂದೆ ಹಾಕುವ ಹನಿ ಔಷಧಿಯಲ್ಲಿ ವಾಸಿಯಾಯಿತು. ನಿಮ್ಮ ಬೆಕ್ಕು ಕೆಮ್ಮುತ್ತಿದ್ದರೆ ಈ ಪರೀಕ್ಷೆ ಕೇಳಿ ಮಾಡಿಸಿ. ಮಲ ತಾಜಾ ಇರಬೇಕು.

ಕಾಡಿನಲ್ಲಿ ಇರುವುದಕ್ಕೆ ಆ ಹನಿ ಯಾರು ಹಾಕುತ್ತಾರೆ? ಕೊನೆಗೆ ಹೊಟ್ಟೆ ಬಿಚ್ಚಿ ನೋಡಿದೆ. ಇನ್ನೂ ಕರಗದ ಮೂರು ಇಲಿಗಳಿದ್ದವು. ಅಷ್ಟು ಗಂಟು ಎದೆಯಲ್ಲಿ ಇಟ್ಟುಕೊಂಡೇ ಆ ರಾತ್ರಿ ಬೇಟೆಯಾಡಿತ್ತು.